ಅಸಲು ಕರಗದ ದಾನ: ಟಾಟಾ ದತ್ತಿಗಳು ನಡೆದು ಬಂದ ದಾರಿ

ದತ್ತಿಯೆಂದರೆ ಗೊತ್ತಾದ ಒಂದು ಕಾರ್ಯಕ್ಕಾಗಿ ಮೂಲಧನವನ್ನು ಬೇರೆಯಾಗಿ ತೆಗೆದಿರಿಸಿ, ಆ ಅಸಲಿಗೆ ಕೈಹಚ್ಚದೆ ಅದರ ಹುಟ್ಟುವಳಿಯಿಂದ ಮಾತ್ರ ಆ ಕಾರ್ಯ ನಡೆದುಕೊಂಡು ಹೋಗುವಂತೆ ಮಾಡುವ ಏರ್ಪಾಡು. ಕನ್ನಡ ನಾಡಿಗೆ ಇದು ಹೊಸದಲ್ಲ. ದೇವಾಲಯದ ನಂದಾದೀವಿಗೆಗೆಂದು ಇಷ್ಟು ಹೊನ್ನನ್ನು ಇಟ್ಟು, ಅದರ ಬಡ್ಡಿಯಲ್ಲಿ ಎಣ್ಣೆಯ ವೆಚ್ಚ ಸಾಗಬೇಕೆಂದು ಕಲ್ಲಿನಲ್ಲಿ ಬರೆಸಿದ ಶಾಸನಗಳು ಇಲ್ಲಿ ಹೇರಳವಾಗಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಟಾಟಾ ಮನೆತನ ಆರಂಭಿಸಿದ ದತ್ತಿಗಳು ನಿಂತದ್ದೂ ಇದೇ ತತ್ತ್ವದ ಮೇಲೆಯೇ. ದೀಪ ಇದ್ದ ಜಾಗಕ್ಕೆ ಅಲ್ಲಿ ವಿದ್ಯೆ, ಸಂಶೋಧನೆ ಮತ್ತು ರೋಗಿಗಳ ಆರೈಕೆ ಬಂದವು.

ಇವುಗಳಲ್ಲಿ ಮೊದಲನೆಯದನ್ನು ಜಮ್ಸೆಟ್‌ಜಿ ಟಾಟಾ 1892ರಲ್ಲಿ, ಹೊರದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ಭಾರತೀಯರಿಗಾಗಿ ಸ್ಥಾಪಿಸಿದರು. ಅದರ ನೆರವು ಸಾಲದ ರೂಪದಲ್ಲಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಓದಿ ಬಂದವರು ದುಡಿದು ಹಿಂದಿರುಗಿಸಿದ ಹಣ ಮುಂದಿನವರ ಪ್ರಯಾಣಕ್ಕೆ ಒದಗುವುದರಿಂದ, ಪಡೆದವರೂ ಕೊಡುವವರ ಸಾಲಿಗೆ ಸೇರುವಂತಾಯಿತು. ಮೊದಲ ಫಲಾನುಭವಿಗಳಾದ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್ ಇಬ್ಬರೂ ಮಹಿಳಾ ವೈದ್ಯರು. ಹೆಣ್ಣುಮಕ್ಕಳು ಶಾಲೆಯ ಹೊಸ್ತಿಲು ತುಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ನಡೆದ ಈ ಆಯ್ಕೆಯನ್ನು ಇತಿಹಾಸಕಾರರು ಇನ್ನೂ ಹೆಚ್ಚು ಎತ್ತಿ ಹೇಳಬೇಕಿತ್ತು. ಮುಂದೆ ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಮತ್ತು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನಲ್ಲಿ ಓದಿದ್ದು ಇದೇ ದತ್ತಿಯ ಬೆಂಬಲದಿಂದ.

ವಿದೇಶಕ್ಕೆ ಕಳುಹಿಸುವುದರ ಜೊತೆಗೆ, ಅಂಥ ವಿದ್ಯೆ ಇಲ್ಲಿಯೇ ದೊರೆಯುವಂತೆ ಮಾಡಬೇಕೆಂಬುದು ಜಮ್ಸೆಟ್‌ಜಿಯವರ ದೊಡ್ಡ ಸಂಕಲ್ಪವಾಗಿತ್ತು. ಸಂಶೋಧನಾ ವಿಶ್ವವಿದ್ಯಾಲಯವೊಂದಕ್ಕಾಗಿ ಅವರು ಮುಂಬಯಿಯಲ್ಲಿದ್ದ ತಮ್ಮ 14 ಕಟ್ಟಡಗಳನ್ನೂ 4 ನಿವೇಶನಗಳನ್ನೂ ಮೀಸಲಿಟ್ಟರು. ಸುಮಾರು 30 ಲಕ್ಷ ರೂಪಾಯಿ ಬೆಲೆಯ ಈ ಆಸ್ತಿಯಿಂದ ವರ್ಷಕ್ಕೆ ಒಂದೂಕಾಲು ಲಕ್ಷ ವರಮಾನ ಬರುವ ಅಂದಾಜಿತ್ತು. ವೈಸ್‌ರಾಯ್ ಕರ್ಜನ್ನರಿಗೆ ಯೋಜನೆಯ ಬಗ್ಗೆ ಅನುಮಾನಗಳಿದ್ದವು, ವರ್ಷಗಳು ಉರುಳಿದವು. 1900ರಲ್ಲಿ ದೇಶ ಸುತ್ತಿ ನೋಡಿದ ರಸಾಯನವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬೆಂಗಳೂರನ್ನು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಸಕ್ತಿಯಿಂದ ಮುಂದೆ ಬಂದ ಮೈಸೂರು ಸಂಸ್ಥಾನ ಸುಮಾರು 371 ಎಕರೆ ಭೂಮಿ, ಕಟ್ಟಡಗಳಿಗೆ 5 ಲಕ್ಷ ರೂಪಾಯಿ ಮತ್ತು ವರ್ಷಾಶನವಾಗಿ 50,000 ರೂಪಾಯಿಯನ್ನು ನೀಡಲು ಒಪ್ಪಿತು. ಜಮ್ಸೆಟ್‌ಜಿ 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಧರ್ಮಾರ್ಥ ದತ್ತಿಗಳ 1890ರ ಕಾಯಿದೆಯಡಿ ಆಸ್ತಿಯನ್ನು ವಹಿಸಿಕೊಡುವ ಆದೇಶ ಹೊರಬಿದ್ದದ್ದು ಅವರು ಹೋಗಿ ಐದು ವರ್ಷಗಳಾದ ಮೇಲೆ, 1909ರ ಮೇ 27ರಂದು. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಅಧಿಕೃತ ಹೆಸರಿನಲ್ಲಿ ದಾನಿಯ ಸುಳಿವಿಲ್ಲ. ಬೆಂಗಳೂರಿನ ಜನ ಮಾತ್ರ ಯಾರ ಅಪ್ಪಣೆಗೂ ಕಾಯದೆ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು.

ಜಮ್ಸೆಟ್‌ಜಿಯವರ ಕಿರಿಯ ಮಗ ರತನ್ ಟಾಟಾ, ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸುತ್ತಿದ್ದ ಹೋರಾಟಕ್ಕೆ 1909ರಲ್ಲಿ 25,000 ರೂಪಾಯಿ ಕಳುಹಿಸಿದರು. ಪಾಟಲಿಪುತ್ರದ ಉತ್ಖನನಕ್ಕೆ ಹಣ ಒದಗಿಸಿದರು. ಬಡತನದ ಕಾರಣಗಳನ್ನು ಶೋಧಿಸಲು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಒಂದು ಅಧ್ಯಯನ ವಿಭಾಗಕ್ಕೆ ನೆರವಾದರು. ಅವರು 1918ರಲ್ಲಿ ನಿಧನರಾದ ಮರುವರ್ಷ ಅವರ ಹೆಸರಿನ ದತ್ತಿ ಅಸ್ತಿತ್ವಕ್ಕೆ ಬಂತು.

ಹಿರಿಯ ಮಗ ದೊರಾಬ್ಜಿಯವರ ದತ್ತಿಯ ಹಿಂದೆ ಮೈಸೂರಿನ ನಂಟು ಮತ್ತೆ ಕಾಣಿಸಿಕೊಳ್ಳುತ್ತದೆ. ಅವರ ಪತ್ನಿ ಮೆಹರ್‌ಬಾಯಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು. ಬಾಲ್ಯವಿವಾಹದ ವಿರುದ್ಧವೂ ಸ್ತ್ರೀಶಿಕ್ಷಣದ ಪರವಾಗಿಯೂ ದುಡಿದ ಈಕೆ 1931ರಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದರು. ಮಕ್ಕಳಿಲ್ಲದ ದೊರಾಬ್ಜಿ ಮರುವರ್ಷ ಆ ರೋಗದ ಸಂಶೋಧನೆಗೆಂದು ಪತ್ನಿಯ ಹೆಸರಿನಲ್ಲಿ ಒಂದು ದತ್ತಿಯನ್ನು ಕಟ್ಟಿದರು. ತಮ್ಮ ಸಮಸ್ತ ಸಂಪತ್ತನ್ನು, ಮುತ್ತಿನ ಟೈ ಪಿನ್ನನ್ನೂ ಉಳಿಸಿಕೊಳ್ಳದೆ, ಇನ್ನೊಂದು ದತ್ತಿಗೆ ಧಾರೆಯೆರೆದರು. ಆ ಸಂಪತ್ತಿನಲ್ಲಿ ಮೆಹರ್‌ಬಾಯಿ ಧರಿಸುತ್ತಿದ್ದ 245 ಕ್ಯಾರೆಟ್ಟಿನ ಜ್ಯೂಬಿಲಿ ವಜ್ರವೂ ಇತ್ತು. 1924ರಲ್ಲಿ ಟಾಟಾ ಉಕ್ಕಿನ ಕಾರ್ಖಾನೆ ಸಂಕಷ್ಟಕ್ಕೆ ಸಿಕ್ಕಿದಾಗ ಸಾಲಕ್ಕೆ ಅಡವಾಗಿದ್ದ ಆ ಹರಳು ಕೊನೆಗೆ ಮಾರಾಟವಾಗಿ ದತ್ತಿಯ ನಿಧಿಗೆ ಸೇರಿತು. ದತ್ತಿಪತ್ರವಾದ ಮೂರು ತಿಂಗಳೊಳಗೆ, 1932ರ ಜೂನ್ 3ರಂದು, ದೊರಾಬ್ಜಿಯವರೂ ಕಣ್ಮುಚ್ಚಿದರು.

ಈ ನಿಧಿಯಿಂದ ಮುಂಬಯಿಯಲ್ಲಿ ಎದ್ದ ಸಂಸ್ಥೆಗಳು ಹಲವು. ಬಡವರಿಗೆ ಚಿಲ್ಲರೆ ನೆರವು ಹಂಚುವುದಕ್ಕಿಂತ ಬಡತನವನ್ನು ಅರಿತು ಕೆಲಸ ಮಾಡುವವರನ್ನು ತರಬೇತುಗೊಳಿಸುವುದು ಮೇಲೆಂಬ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ವಾದವನ್ನು ಧರ್ಮದರ್ಶಿಗಳು, ಎಂದರೆ ದತ್ತಿಯ ಆಡಳಿತ ಹೊತ್ತವರು, ಒಪ್ಪಿದ್ದರಿಂದ 1936ರಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. 1944ರ ಮಾರ್ಚ್‌ನಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ, ಪರಮಾಣು ಶಕ್ತಿ ಬಳಕೆಗೆ ಬರುವ ದಿನಕ್ಕೆ ಬೇಕಾದ ತಜ್ಞರನ್ನು ದೇಶದಲ್ಲೇ ಸಿದ್ಧಪಡಿಸಬೇಕೆಂದು ಧರ್ಮದರ್ಶಿಗಳಿಗೆ ಪತ್ರ ಬರೆದರು. ಅವರು ಬೇರೆ ಯಾರೂ ಅಲ್ಲ, ಹೊರ್ಮುಸ್‌ಜಿ ಭಾಭಾ ಅವರ ಮೊಮ್ಮಗ, ಮೆಹರ್‌ಬಾಯಿಯವರ ಸೋದರನ ಮಗ. ಆ ಪತ್ರದ ಫಲವಾದ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಕೆಲಸ ಶುರುಮಾಡಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು.

ಕಟ್ಟಿದ್ದನ್ನು ಬಿಟ್ಟುಕೊಡುವ ಮನಸ್ಸು ಈ ದತ್ತಿಗಳಿಗಿದ್ದ ಅಪರೂಪದ ಗುಣ. ಕ್ಯಾನ್ಸರ್ ಆಸ್ಪತ್ರೆ 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಕೈಗೆ, 1962ರಲ್ಲಿ ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಹೋಯಿತು. ಸಮೂಹದ ಮಾತೃಸಂಸ್ಥೆ ಟಾಟಾ ಸನ್ಸ್‌ನ ಶೇಕಡ 66ರಷ್ಟು ಷೇರುಗಳು ಈ ಮನೆತನದ ದತ್ತಿಗಳ ಬಳಿಯೇ ಇರುವುದರಿಂದ ಉದ್ದಿಮೆಯ ಲಾಭಾಂಶ ಧರ್ಮಕಾರ್ಯಕ್ಕೆ ಹರಿದುಬರುತ್ತದೆ. ಉದ್ದಿಮೆ ಸೊರಗಿದರೆ ದಾನವೂ ಸೊರಗೀತೆಂಬ ಅಳುಕು ಇದರೊಳಗೇ ಇದೆ. 1892ರ ದತ್ತಿಯಾದರೋ ಇಂದಿಗೂ ವಿದ್ಯಾರ್ಥಿಗಳಿಗೆ ಸಾಲದ ರೂಪದಲ್ಲಿಯೇ ವೇತನ ನೀಡುತ್ತ, ಹಿಂದಿನವರು ತೀರಿಸಿದ್ದನ್ನು ಮುಂದಿನವರಿಗೆ ದಾಟಿಸುತ್ತಿದೆ.