ಬಾಯಿಂದ ಚಿಗುರಿದ ಮರ



ಇಂದು, ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ವಿಜಯೋತ್ಸವ. ಸ್ಕಾಟ್ಲೆಂಡಿನ ರಾಸ್ಲಿನ್‌ನಲ್ಲಿ 1446ರಲ್ಲಿ ಸ್ಥಾಪನೆಯಾದ ದೇವಾಲಯವೊಂದಿದೆ. ಅದರ ಕಲ್ಲುಗಳಲ್ಲಿ ಎಲೆಬಳ್ಳಿ ಸುತ್ತಿದ ನೂರಕ್ಕೂ ಹೆಚ್ಚು ಮುಖಗಳು. ಬಳ್ಳಿ ಹೊರಡುವುದು ಬಾಯಿಂದಲೇ. 'ಹಸಿರು ಮನುಷ್ಯ' ಎಂಬ ಹೆಸರು ಇಂಥ ಮುಖಗಳಿಗೆ ಬಂದದ್ದು 1939ರಲ್ಲಿ, ಲೇಡಿ ರಾಗ್ಲನ್ ಅವರ ಲೇಖನದಿಂದ. ಅನ್ಯದೇವತೆಯೆನ್ನುವವರೂ ಇದ್ದಾರೆ.

ಆದರೆ ಆ ಕಾಲದ ಕ್ರೈಸ್ತರಿಗೆ ಒಂದು ಕಥೆ ಗೊತ್ತಿತ್ತು, ಬೈಬಲಿನಲ್ಲಿ ಇಲ್ಲದ ಕಥೆ. ಆದಾಮ ಸತ್ತಾಗ ಮಗ ಸೇತನು ಅವನ ಬಾಯಲ್ಲಿ ಬೀಜವಿಟ್ಟು ಹೂಳಿದನಂತೆ. ಬೀಜ ಮರವಾಯಿತು, ಮರ ಶಿಲುಬೆಯಾಯಿತು. ಆ ಹಣ್ಣು ತಿಂದ ಬಾಯಿಂದಲೇ! ಕೆತ್ತನೆಗೆ ಇದೊಂದೇ ಅರ್ಥವೆಂದು ನಾವು ಹಟ ಹಿಡಿಯುವುದಿಲ್ಲ.

ಈ ವರ್ಷ ನಾವು ಮಣ್ಣಿಗೊಪ್ಪಿಸಿದ ಬಾಯಿಗಳು ನಮ್ಮನ್ನು ಬೈದವು, ನಮಗಾಗಿ ಜಪಸರವನ್ನೂ ಹೇಳಿದವು. ಬಲಿಪೂಜೆಯ ಬಳಿಕ ಅವರ ಸಮಾಧಿಗಳಿಗೆ ಹೋಗಿ, ತಲೆಯ ಬಳಿ ನೆಟ್ಟ ಶಿಲುಬೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.