ಬಿಡುವಿನ ಹೊತ್ತು ಹಾಳು ಹೊತ್ತಲ್ಲ

(ಸೋಂಪುರದಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ನಿಮ್ಮ ಮುಂದೆ ಮಾತನಾಡಲು ಬರುವವರು ಸಾಮಾನ್ಯವಾಗಿ ಬಿತ್ತನೆ ಬೀಜ, ಗೊಬ್ಬರ, ಹಸುವಿನ ಮೇವು, ಬ್ಯಾಂಕಿನ ಸಾಲ, ಇಂಥ ವಿಷಯಗಳನ್ನು ತೆಗೆದುಕೊಂಡು ಬರುತ್ತಾರೆ. ಅವು ಬೇಕಾದ ವಿಷಯಗಳೇ. ಆದರೆ ಈ ದಿನ ನಾನು ಕೆಲಸದ ಮಾತು ಆಡುವುದಿಲ್ಲ. ಕೆಲಸ ಮುಗಿದ ಮೇಲಿನ ಮಾತು ಆಡುತ್ತೇನೆ. ಸಂಜೆ ದನಕರು ಕಟ್ಟಿ, ಕೈಕಾಲು ತೊಳೆದ ಮೇಲೆ ನಿಮಗೆ ಒಂದು ಗಂಟೆ ಬಿಡುವು ಸಿಕ್ಕಿತೆನ್ನಿ. ಆ ಒಂದು ಗಂಟೆಯನ್ನು ಏನು ಮಾಡುತ್ತೀರಿ?

ಇದೂ ಒಂದು ಕೇಳುವ ಪ್ರಶ್ನೆಯೇ ಎಂದು ನೀವು ನಗಬಹುದು. “ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ ಸ್ವಾಮಿ, ಬಿಡುವು ಎಲ್ಲಿಂದ ಬಂತು?” ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅವರ ಮಾತು ಸುಳ್ಳಲ್ಲ. ಆದರೆ ಹಾಗೆಂದವರು ಜಗಲಿಯ ಮೇಲೆ ಕುಳಿತು ಜೇಬಿನಿಂದ ಫೋನು ತೆಗೆದರು. ನಾನು ಕಾಫಿ ಕುಡಿದು, ಅವರ ಮಗನ ಕೂಡ ಮಾತನಾಡಿ ಹೊರಡುವಾಗಲೂ ಅವರು ತಲೆ ಎತ್ತಿರಲಿಲ್ಲ. ನಮಗೆ ಬಿಡುವು ಇಲ್ಲವೆಂದಲ್ಲ. ಒಡಕು ಕೊಡದ ನೀರಿನಂತೆ ಅದು ನಮಗೇ ತಿಳಿಯದೆ ಸೋರಿಹೋಗುತ್ತಿದೆ.

ನಮ್ಮ ಹಿರಿಯರು ಬಿಡುವಿನ ಬೆಲೆ ಬಲ್ಲವರಾಗಿದ್ದರು. ಸೋಮವಾರ ಬಸವಣ್ಣನ ದಿನವೆಂದು ಆ ದಿನ ಆರು ಕಟ್ಟುತ್ತಿರಲಿಲ್ಲ. ಎಂಥ ಹದವಿದ್ದರೂ ಎತ್ತಿನ ಹೆಗಲಿಗೆ ಆ ದಿನ ನೊಗ ಬೀಳುತ್ತಿರಲಿಲ್ಲ. ವರ್ಷದಲ್ಲಿಯೂ ಹಾಗೆಯೇ. ಕಾರ್ತಿಕ ಮಾರ್ಗಶಿರದಲ್ಲಿ ರಾಗಿ ಕೊಯ್ದು, ಕಣ ಮಾಡಿ, ಒಕ್ಕಣೆ ಮುಗಿಸುವ ಹೊತ್ತಿಗೆ ಸಂಕ್ರಾಂತಿ. ಶಿವಗಂಗೆಯ ಬೆಟ್ಟಕ್ಕೆ ಹೋಗಿ ಬಂದರೆ, ಮುಂಗಾರಿನ ಮೊದಲ ಮಳೆ ಬೀಳುವ ತನಕ ಊರಿಗೆ ಉಸಿರಾಡುವ ಕಾಲ. ಜಾತ್ರೆ, ಮದುವೆ, ನಾಟಕ, ಹರಿಕಥೆ ಎಲ್ಲವೂ ಆ ಕಾಲಕ್ಕೆ ಸೇರಿದ್ದವು.

ಈಗ ಕಾಲ ಬೇರೆಯಾಗಿದೆ. ಟ್ರಾಕ್ಟರಿಗೆ ಸೋಮವಾರವೂ ಒಂದೇ, ಶುಕ್ರವಾರವೂ ಒಂದೇ. ಕೊಳವೆ ಬಾವಿ ಇದ್ದವರಿಗೆ ಬೇಸಗೆಯಲ್ಲೂ ಬೆಳೆ. ಹಾಲಿಗೆ ದಿನಕ್ಕೆ ಎರಡು ಹೊತ್ತು ನಿಲ್ಲಲೇಬೇಕು. ಮಕ್ಕಳಲ್ಲಿ ಒಬ್ಬ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಇನ್ನೊಬ್ಬ ಹಗಲು ಪಾಳಿ. ಒಂದೇ ಮನೆಯಲ್ಲಿ ನಾಲ್ಕು ಜನರ ಬಿಡುವು ನಾಲ್ಕು ಹೊತ್ತಿಗೆ. ಹಿಂದೆ ಮಳೆ, ಬೆಳೆ, ಎತ್ತುಗಳು ನಮಗೆ ಬಿಡುವನ್ನು ಕೊಡುತ್ತಿದ್ದವು. ಈಗ ಕೊಡುವವರು ಯಾರೂ ಇಲ್ಲ. ನಾವೇ ಗೊತ್ತುಮಾಡಿಕೊಳ್ಳಬೇಕು. ನನ್ನ ಮಾತಿನ ಸಾರ ಇಷ್ಟೇ.

ಬಿಡುವನ್ನು ಸಂತೋಷಕ್ಕೆ ಬಳಸುವುದು ಹೇಗೆಂದು ನಮ್ಮ ಊರುಗಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಪೌರಾಣಿಕ ನಾಟಕವನ್ನೇ ನೋಡಿ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಊಟ ವಸತಿ ಏರ್ಪಡಿಸಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕುಳಿತು ‘ಕುರುಕ್ಷೇತ್ರ’ವನ್ನು ಕಲಿಯುತ್ತಾರೆ. ದುರ್ಯೋಧನನೋ ಕೃಷ್ಣನೋ ಆಗಬೇಕಾದರೆ ಹೆಚ್ಚು ಹಣ ಹಾಕಬೇಕು. ಸಣ್ಣ ಪಾತ್ರಕ್ಕೆ ಕಡಿಮೆ. ನೆಲಮಂಗಲ, ತುಮಕೂರು ಕಡೆಯ ಹಳ್ಳಿಗಳಲ್ಲಿ ಈ ಪದ್ಧತಿ ಇನ್ನೂ ನಿಂತಿಲ್ಲ.

ಈ ನಾಟಕಗಳ ಮಟ್ಟುಗಳು ಬಹಳವಾಗಿ ಹಳೆಯ ಕಂಪನಿ ನಾಟಕಗಳಿಂದ ಬಂದವು. ತುಮಕೂರು ದಾಟಿದರೆ ಗುಬ್ಬಿ. ಅಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯನ್ನು ಗುಬ್ಬಿ ವೀರಣ್ಣನವರು ನಾಡಿನಲ್ಲೆಲ್ಲ ಹೆಸರಾಗುವಂತೆ ಬೆಳೆಸಿದರು. 1934ರ ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಡಾ. ರಾಜಕುಮಾರ್ ಅವರು ಚಲನಚಿತ್ರಕ್ಕೆ ಹೋಗುವ ಮುಂಚೆ ಪಳಗಿದ್ದು ಆ ಕಂಪನಿಯಲ್ಲಿ. ಅವರೆಲ್ಲ ವೃತ್ತಿಯವರು. ನಮ್ಮೂರಿನ ಭೀಮನಾದರೋ ಬೆಳಗಾದರೆ ತಿಪ್ಪೆಗೊಬ್ಬರ ಹೊರುವವನು. ಕೈಯಿಂದ ಹಣ ಹಾಕಿ, ನಿದ್ದೆಗೆಟ್ಟು, ಕೇವಲ ಸಂತೋಷಕ್ಕಾಗಿ ಗದೆ ಹಿಡಿಯುತ್ತಾನೆ. ಇದಕ್ಕೇ ಹವ್ಯಾಸವೆಂದು ಹೆಸರು.

ಹವ್ಯಾಸ ಸಣ್ಣದೆಂದು ಹೀಗಳೆಯಬೇಡಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರಿದ್ದರು. ಅವರು ಕಲಿಸುತ್ತಿದ್ದುದು ಮನಶ್ಶಾಸ್ತ್ರ. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಬಾನುಲಿ ನಿಲಯವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ದೇಶದ ರೇಡಿಯೋಗೆಲ್ಲ ಅದೇ ಹೆಸರು ಬಂತು. ಬೆಂಗಳೂರು ನಿಲಯ ಆರಂಭವಾದುದು 1955ರಲ್ಲಿ. ಒಬ್ಬ ಮೇಷ್ಟ್ರು ತಮ್ಮ ಬಿಡುವಿನಲ್ಲಿ ಹಚ್ಚಿದ ದೀಪ ಎಷ್ಟು ದೂರ ಬೆಳಕು ಕೊಟ್ಟಿತು ನೋಡಿ.

ಇನ್ನು ಹಾಡಿನ ಮಾತು. ಇದನ್ನು ಹೇಳುವಾಗ ನನ್ನ ತಪ್ಪನ್ನೂ ಹೇಳಬೇಕು. ನಮ್ಮವ್ವ ಬೆಳಗಿನ ಜಾವ ಎದ್ದು ರಾಗಿ ಬೀಸುತ್ತಿದ್ದಳು. ಕಲ್ಲು ತಿರುಗುವ ಸದ್ದೇ ಶ್ರುತಿ. ಅದರ ಮೇಲೆ ಅವಳ ಪದ. ಕಂಬಳಿಯೊಳಗೆ ಮಲಗಿಕೊಂಡೇ ನಾನು ಕೇಳುತ್ತಿದ್ದೆ. ಊರಿಗೆ ಹಿಟ್ಟಿನ ಮಿಷನ್ನು ಬಂತು. ಅವ್ವನ ರಟ್ಟೆಗೆ ಬಿಡುವು ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಆ ಕಷ್ಟ ಮತ್ತೆ ಬರಲಿ ಎಂದು ಯಾರೂ ಬಯಸಬಾರದು. ಆದರೆ ಕಲ್ಲು ಮೂಲೆ ಸೇರಿದ ದಿನ ಪದವೂ ಮೂಲೆ ಸೇರಿತು. ಅವ್ವ ಹೋಗಿ ಬಹಳ ವರ್ಷಗಳಾದವು. ನನಗೆ ಧಾಟಿ ನೆನಪಿದೆ, ಪದ ಮರೆತುಹೋಗಿದೆ. ಎರಡು ನುಡಿ ಬಂದರೆ ಮೂರನೆಯದು ಬರುವುದಿಲ್ಲ. ಅವಳು ಇದ್ದಾಗ ಒಂದು ದಿನ ಪಕ್ಕದಲ್ಲಿ ಕುಳಿತು, “ಅವ್ವ, ಆ ಪದ ಹೇಳು, ಬರೆದುಕೊಳ್ಳುತ್ತೇನೆ” ಎಂದಿದ್ದರೆ ಸಾಕಾಗಿತ್ತು. ನಾನು ಕುಳಿತುಕೊಳ್ಳಲಿಲ್ಲ. ಕೆಲಸವಿತ್ತು ಎಂದು ಹೇಳಿಕೊಳ್ಳಬಹುದು. ಯೋಚಿಸಿ ನೋಡಿದರೆ ಅಂಥ ಕೆಲಸವೇನೂ ಇರಲಿಲ್ಲ.

ಹಾಗೆ ಕುಳಿತುಕೊಂಡವರೂ ಇದ್ದರು. ಎಚ್. ಎಲ್. ನಾಗೇಗೌಡರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕಡತಗಳ ನಡುವೆಯೂ ಹಳ್ಳಿಯ ಹಾಡುಗಾರರನ್ನು ಹುಡುಕಿ, ಪದಗಳನ್ನು ಕೂಡಿಸಿದರು. 1994ರಲ್ಲಿ ರಾಮನಗರದ ಬಳಿ ಅವರು ಕಟ್ಟಿದ ‘ಜಾನಪದ ಲೋಕ’ ಆರಂಭವಾಯಿತು. ಬೀಸುವ ಕಲ್ಲು, ನೇಗಿಲು, ಒನಕೆಗಳನ್ನು ಅಲ್ಲಿ ನೋಡಬಹುದು. ಮೈಸೂರು ರಸ್ತೆಯಲ್ಲಿ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ನೀವು ರಾಮನಗರಕ್ಕೂ ಹೋಗಬೇಕಾಗಿಲ್ಲ. ಸೋಬಾನೆ ಪದ, ಬೀಸುವ ಪದ, ನಾಟಿಯ ಪದ, ತೊಟ್ಟಿಲ ಪದ ಅವರ ಬಾಯಲ್ಲಿವೆ. ಫೋನನ್ನು ನಾನು ಬೈದೆನೆಂದು ತಿಳಿಯಬೇಡಿ. ಅದೇ ಫೋನನ್ನು ಅಜ್ಜಿಯ ಮುಂದೆ ಇಟ್ಟು ಹಾಡಿಸಿ, ಹಿಡಿದಿಟ್ಟುಕೊಳ್ಳಿ. ನನಗೆ ಆಗ ಇಲ್ಲದ ಸೌಕರ್ಯ ನಿಮ್ಮ ಅಂಗೈಯಲ್ಲೇ ಇದೆ. ಪಿ. ಕಾಳಿಂಗರಾಯರು ಹಾಡಿದ ಭಾವಗೀತೆಗಳು ಬೇಕೇ, ಹಳೆಯ ನಾಟಕದ ಹಾಡು ಬೇಕೇ, ಅವೂ ಅದರಲ್ಲಿ ಸಿಗುತ್ತವೆ. ಕಿವಿಗೆ ತೂಗುಹಾಕಿಕೊಂಡು ಒಬ್ಬರೇ ಕೇಳುವ ಬದಲು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಹಾಡು ಮುಗಿದ ಮೇಲೆ ಅವರು ಹೇಳುವ ಕಥೆ ಹಾಡಿಗಿಂತ ರುಚಿಯಾಗಿರುತ್ತದೆ.

ಮೂರನೆಯದು ಓದು. ಓದು ಬಾರದವರಿಗೂ ನಮ್ಮ ಊರುಗಳಲ್ಲಿ ಓದಿನ ಸುಖ ಇತ್ತು. ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಇಡೀ ಊರು ಕುಳಿತು ಕೇಳುವುದು. ಮಳೆ ಹೋದ ವರ್ಷ ವಿರಾಟಪರ್ವ ಓದಿಸಿದ್ದು ಹಿರಿಯರಿಗೆ ನೆನಪಿರಬಹುದು. ಕಾದಂಬರಿಯನ್ನೂ ಹಾಗೆಯೇ ಓದಬಹುದು. ಕನ್ನಡದಲ್ಲಿ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಗಳಗನಾಥರು ಒಬ್ಬರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಈಗ ನೀವು ಪುಸ್ತಕ ಹೊರಬೇಕಾಗಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ನಮ್ಮ ನಾಡಿನಲ್ಲಿ ಗ್ರಂಥಾಲಯದ ಕಾಯಿದೆ ಬಂದುದು 1965ರಲ್ಲಿ. ನೀವು ಕಟ್ಟುವ ಮನೆ ಕಂದಾಯದ ರಸೀತಿಯನ್ನು ನೋಡಿ, ಗ್ರಂಥಾಲಯ ಕರವೆಂದು ಒಂದು ಬಾಬು ಇರುತ್ತದೆ. ಹಣ ನಿಮ್ಮದು, ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿರುವ ಪುಸ್ತಕವೂ ನಿಮ್ಮದು. ಹಣ ಕಟ್ಟಿ ಪುಸ್ತಕ ತರದಿರುವುದು ಹಾಲು ಹಾಕಿ ಬಟವಾಡೆ ಬಿಟ್ಟುಬಂದಂತೆ.

ಯಾವುದನ್ನು ಓದುವುದು ಎಂದು ಕೇಳಿದರೆ, ಶಿವರಾಮ ಕಾರಂತರ ‘ಚೋಮನ ದುಡಿ’ಯಿಂದ ಆರಂಭಿಸಿ ಎನ್ನುತ್ತೇನೆ. 1933ರ ಪುಸ್ತಕ, ದೊಡ್ಡದಲ್ಲ. ಚೋಮನಿಗೆ ಒಂದು ಜೊತೆ ಎತ್ತುಗಳಿದ್ದವು. ತನ್ನದೆಂದು ಉಳಲು ಗೇಣು ನೆಲವಿರಲಿಲ್ಲ. ಹುಟ್ಟಿದ ಕುಲದ ಕಾರಣಕ್ಕೆ ಅವನಿಗೆ ನೆಲ ಸಿಗಲಿಲ್ಲ. ಸಂಕಟವಾದಾಗ ಅವನು ದುಡಿ ಬಾರಿಸುತ್ತಿದ್ದ. ಈ ಕಥೆಯನ್ನು ನಾನು ಒಂದು ಜಗಲಿಯ ಮೇಲೆ ಏಳೆಂಟು ಜನರಿಗೆ ಕೆಲವು ರಾತ್ರಿ ಓದಿ ಹೇಳಿದೆ. ಕೇಳುತ್ತಿದ್ದವರಲ್ಲಿ ಒಬ್ಬರು ಹೊಲ ಮಾರಿ, ಬಂದ ಹಣವನ್ನೂ ಕಳೆದುಕೊಂಡವರು. ಓದು ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಅವನಿಗೆ ಎತ್ತಿತ್ತು, ನೆಲ ಇರಲಿಲ್ಲ. ನನಗೆ ನೆಲ ಇತ್ತು, ಬುದ್ಧಿ ಇರಲಿಲ್ಲ” ಎಂದರು. ಮಾರನೆಯ ದಿನ ತಮ್ಮ ಮಗನನ್ನೂ ಕರೆದುಕೊಂಡು ಬಂದು, “ಇವನಿಗೆ ಮೊದಲಿನಿಂದ ಓದಿ ಹೇಳಿ” ಎಂದರು. ನೂರು ಭಾಷಣ ಮಾಡದ ಕೆಲಸವನ್ನು ಒಂದು ಕಥೆ ಮಾಡಿತು.

ಒಂದು ಮಾತು ಮರೆಯಬಾರದು. ಓದುವ ಜಗಲಿಗೆ ಊರಿನ ಎಲ್ಲ ಕೇರಿಯವರೂ ಬರಬೇಕು, ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಚೋಮನ ಕಥೆ ಕೇಳಿ ಕಣ್ಣೊರಸಿಕೊಂಡು, ಚೋಮನ ಕೇರಿಯವರನ್ನು ಅಂಗಳದಲ್ಲಿ ನಿಲ್ಲಿಸಿದರೆ ಓದಿದ್ದು ವ್ಯರ್ಥ.

ಇನ್ನೊಂದು ಮಾತು ಗಂಡಸರಿಗೆ. ನೀವು ಅರಳಿಕಟ್ಟೆಯ ಮೇಲೆ ಕುಳಿತಿರುವಾಗ ಮನೆಯಲ್ಲಿ ಹಾಲು ಕರೆಯುವವರು ಯಾರು, ಮುದ್ದೆ ತೊಳಸುವವರು ಯಾರು? ಹೆಂಗಸರಿಗೂ ಒಂದು ಗಂಟೆ ಬೇಕು. ತ್ರಿವೇಣಿಯವರ ‘ಬೆಳ್ಳಿಮೋಡ’, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಹೆಂಗಸರ ಸುಖದುಃಖವನ್ನು ಹೆಂಗಸರೇ ಬರೆದ ಕಾದಂಬರಿಗಳು. ಅವನ್ನು ಮನೆಗೆ ತಂದುಕೊಟ್ಟರೆ ಸಾಲದು; ಅವರು ಓದುವ ಒಂದು ಗಂಟೆ ನೀವು ಕೊಟ್ಟಿಗೆಯ ಕೆಲಸ ನೋಡಿಕೊಳ್ಳಿ. ಆಗ ಆ ಕಾಣಿಕೆ ಪೂರ್ತಿಯಾಗುತ್ತದೆ.

ಓದೂ ಬೇಡ, ಹಾಡೂ ಬೇಡ ಎನ್ನುವವರು ಇರಬಹುದು. ಅವರಿಗೆ ಅಳಿಗುಳಿ ಮಣೆ ಇದೆ, ಚೌಕಾಬಾರ ಇದೆ, ಹುಲಿ-ಕುರಿ ಆಟ ಇದೆ. ದೊಡ್ಡಬಳ್ಳಾಪುರದ ಕಡೆ ಆಷಾಢದ ಗಾಳಿಗೆ ದೊಡ್ಡವರೂ ಗಾಳಿಪಟ ಬಿಡುತ್ತಾರೆ. ಹಿತ್ತಿಲಲ್ಲಿ ನಾಲ್ಕು ಹೂವಿನ ಗಿಡ ಬೆಳೆಸುವುದೂ ಹವ್ಯಾಸವೇ. ಯಾವುದನ್ನಾದರೂ ಹಿಡಿಯಿರಿ. ಒಳ್ಳೆಯ ಬಿಡುವನ್ನು ಕೆಟ್ಟ ಬಿಡುವಿನಿಂದ ಬೇರೆ ಮಾಡಲು ಒಂದೇ ಪರೀಕ್ಷೆ ಸಾಕು. ಎದ್ದಾಗ ಮೈ ಹಗುರವಾಗಿ, ಮನೆಯವರ ಮುಖ ನೋಡಲು ಮನಸ್ಸು ಬಂದರೆ ಅದು ಒಳ್ಳೆಯ ಬಿಡುವು. ಇಸ್ಪೀಟು, ಹೆಂಡ, ಫೋನಿನಲ್ಲಿ ಹಣ ಕಟ್ಟುವ ಆಟ, ಇವುಗಳಿಂದ ಎದ್ದು ಬಂದವನು ಮನೆಯವರ ಮುಖ ನೋಡಲಾರ.

ಕೊನೆಯದಾಗಿ ಒಂದು ಕೋರಿಕೆ. ಹಿರಿಯರು ಎತ್ತಿಗೆ ಸೋಮವಾರವನ್ನು ಬಿಟ್ಟುಕೊಟ್ಟಿದ್ದರು. ಎತ್ತುಗಳು ಕಡಿಮೆಯಾದವು, ಆ ಸೋಮವಾರವನ್ನು ನಾವು ತೆಗೆದುಕೊಳ್ಳೋಣ. ಇಡೀ ದಿನ ಬೇಡ. ಸಂಜೆ ಡೇರಿಯ ಹೊತ್ತು ಕಳೆದ ಮೇಲೆ ಒಂದು ಗಂಟೆ. ಒಂದು ಜಗಲಿ, ಒಂದು ಚಾಪೆ, ಒಂದು ದೀಪ. ಒಬ್ಬರು ನಾಲ್ಕು ಪುಟ ಓದಲಿ, ಒಬ್ಬ ಅಜ್ಜಿ ಒಂದು ಪದ ಹೇಳಲಿ, ಮಕ್ಕಳು ಅದನ್ನು ಬರೆದುಕೊಳ್ಳಲಿ. ಪಾಳಿಗೆ ಹೋದವರು ಮುಂದಿನ ವಾರ ಬಂದು ಸೇರಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಅರ್ಜಿ ಬೇಡ.

ಬರುವ ಸೋಮವಾರವೇ ಆರಂಭಿಸಿ. ಅಜ್ಜಿಯರು ಕಾಯುತ್ತಾ ಕೂರುವವರಲ್ಲ. ಈ ವರ್ಷ ಕೇಳದ ಪದ ಮುಂದಿನ ವರ್ಷ ಸಿಗುತ್ತದೆಂದು ಯಾರೂ ಹೇಳಲಾರರು.