ಹುಟ್ಟಿದ ತೂಕ, ನಡುವಯಸ್ಸಿನ ರೋಗ

ಮೈಸೂರಿಗರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ತನ್ನಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣವು ಇದ್ದ ಆಹಾರವನ್ನು ಮೊದಲು ಮೆದುಳಿಗೆ ಒದಗಿಸಿ, ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಮತ್ತು ಸ್ನಾಯುಗಳ ಬೆಳವಣಿಗೆಯಲ್ಲಿ ಕಡಿತ ಮಾಡಿಕೊಳ್ಳುತ್ತದೆ, ಆ ಕಡಿತವು ಮುಂದೆ ರೋಗವಾಗಿ ತಲೆದೋರುತ್ತದೆ ಎಂಬುದು ಬ್ರಿಟನ್ನಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಅವರ ವಾದವಾಗಿತ್ತು. ಅದನ್ನು ಭಾರತದ ನೆಲದಲ್ಲಿ ಒರೆಗೆ ಹಚ್ಚಲು ಈ ಹಳೆಯ ದಾಖಲೆಗಳೇ ನೆರವಾದವು.

1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇದ್ದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3ರಷ್ಟಿತ್ತು, ಕೂಸಿನ ತೂಕದೊಂದಿಗೆ ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ಕಾಯಿಲೆ ಇನ್ನೂ ಹೆಚ್ಚಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಕೂಸು ದಪ್ಪಗಿದ್ದರೆ ಸಾಕೆಂಬ ತೀರ್ಮಾನಕ್ಕೆ ಬರಬಹುದಿತ್ತು. ಆದರೆ ಅದೇ ದಾಖಲೆಗಳನ್ನು ಸಕ್ಕರೆ ಕಾಯಿಲೆಗಾಗಿ ನೋಡಿದಾಗ, 1998ರಲ್ಲಿ ಬೇರೆಯೇ ಉತ್ತರ ದೊರಕಿತು: ಆ ಕಾಯಿಲೆ ಹೆಚ್ಚಾಗಿ ಕಂಡದ್ದು ಉದ್ದದಲ್ಲಿ ಗಿಡ್ಡಾಗಿ, ಮೈಯಲ್ಲಿ ಗುಂಡಾಗಿ ಹುಟ್ಟಿದವರಲ್ಲಿ, ಅದರಲ್ಲೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ. ಬಾಲ್ಯದಲ್ಲಿ ಕೊರತೆಯುಂಡು ಬೆಳೆದ ಹೆಣ್ಣು ಮುಂದೆ ಮೈತುಂಬಿಕೊಂಡಾಗ ಅವಳ ದೇಹಕ್ಕೆ ಬಸುರಿನ ಭಾರದಲ್ಲಿ ರಕ್ತದ ಸಕ್ಕರೆಯನ್ನು ಹಿಡಿದಿಡಲಾಗದೆ, ಹೆಚ್ಚಾದ ಸಕ್ಕರೆ ಮಾಸಿನ ಮೂಲಕ ಕೂಸಿಗೆ ಹರಿದು ಕೊಬ್ಬಾಗುತ್ತದೆ ಎಂಬುದು ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಳೆದ ಕೂಸುಗಳೂ ಇದೇ ಎಚ್ಚರಿಕೆ ನೀಡಿದವು. ಸೌತಾಂಪ್ಟನ್ನಿನ ಕೂಸು ಸುಮಾರು 3.5 ಕಿಲೋ ತೂಗಿದರೆ ಇಲ್ಲಿಯದು ಸುಮಾರು 2.7 ಕಿಲೋ, ಆದರೂ ಕೊರತೆ ಬಿದ್ದದ್ದು ಮುಖ್ಯವಾಗಿ ಮಾಂಸಖಂಡಕ್ಕೆ, ಚರ್ಮದಡಿಯ ಕೊಬ್ಬಿಗಲ್ಲ.

ಹಾಗಾಗಿ ತಾಯಿ ಎಷ್ಟು ಉಂಡಳೆಂಬುದಕ್ಕಿಂತ ಏನನ್ನು ಉಂಡಳೆಂಬುದನ್ನು ಕೇಳಬೇಕಾಗುತ್ತದೆ. ಮೈಸೂರಿನ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಲಾದ ಬಸುರಿಯರಲ್ಲಿ ಶೇ. 43ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು, ಅಂಥವರಲ್ಲಿ ಬಸುರಿನ ಸಕ್ಕರೆ ಕಾಯಿಲೆಯೂ ಹೆಚ್ಚಾಗಿತ್ತು. ಈ ಜೀವಸತ್ವ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಹಜವಾಗಿ ಸಿಗುವುದರಿಂದ, ಎಮ್ಮೆ ಕಟ್ಟಿದ ಮನೆಯಲ್ಲೂ ಹಾಲೆಲ್ಲ ಡೇರಿಗೆ ಹೋದರೆ ಸೊಸೆಯ ಪಾಲಿಗೆ ಉಳಿಯುವುದು ರೊಟ್ಟಿ ಮತ್ತು ಪುಂಡಿಪಲ್ಯವಷ್ಟೇ. ಅವು ಒಳ್ಳೆಯ ಆಹಾರವೇ, ಆದರೆ ಈ ಕೊರತೆಯನ್ನು ತುಂಬಲಾರವು.

ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಕೊನೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡಿಸುವ ರೂಢಿಯೂ ಉತ್ತರ ಕರ್ನಾಟಕದಲ್ಲಿದೆ. ಆದರೆ ಆ ತಿಂಗಳುಗಳಲ್ಲೂ ಕೂಸಿನ ಅಂಗಗಳು ಬೆಳೆಯುತ್ತಿರುತ್ತವೆ: ಮೂತ್ರಪಿಂಡದ ಸೋಸುವ ಘಟಕಗಳು ಬಸುರಿನ ಸುಮಾರು 36ನೆಯ ವಾರದವರೆಗೆ ಮಾತ್ರ ಹುಟ್ಟುತ್ತವೆ, ಆಮೇಲೆ ಹೊಸದಾಗಿ ಸೇರುವುದಿಲ್ಲ. ಇನ್ನೊಂದೆಡೆ ಕುಬಸದ ಸಡಗರ, ಬಯಕೆಯ ಊಟ ಬರುವ ಹೊತ್ತಿಗೆ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ.

ಅಕ್ಟೋಬರ್ 2017ರಲ್ಲಿ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು ದೊರೆಯುತ್ತದೆ. ಇದು ಸರಿಯಾದ ಹೆಜ್ಜೆಯೇ; ಆದರೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ತಿಂಗಳುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಹೊಲದಿಂದ ಹೊಲಕ್ಕೆ ಹೋಗುವ ಬಸುರಿಗೆ ಮಧ್ಯಾಹ್ನ ಅಂಗನವಾಡಿ ತಲುಪುವುದು ಸುಲಭವಲ್ಲ, ಆದ್ದರಿಂದ ಕನಿಷ್ಠ ಆ ತಿಂಗಳುಗಳಲ್ಲಾದರೂ ಊಟವೇ ಕಬ್ಬಿನ ಗದ್ದೆಯ ಬದುವಿಗೆ ಹೋಗಬೇಕು.